ಕಾರಣ: ಹೃದಯಾಘಾತ

ಮೇ ೨೯

ಪ್ರೀತಿಯ ತಂಗೀ,

ನಿನ್ನ ಕಾಗದ ಬಂದು ಮೂರು ವಾರವಾಯಿತು. ಉತ್ತರ ಬರೆಯಲಿಲ್ಲವೆಂದು ಬೈದುಕೊಂಡಿರುತ್ತೀ. ಬೈಯಿ, ತಪ್ಪು ನನ್ನದೇ. ಅಪ್ಪ ಹೋದಾಗ ನಿನಗೆ ಬರಲೂ ಬಿಡದ ಆ ಬೆನ್ನುನೋವು ಈಗ ಹೇಗಿದೆ? ಭಾರ ಎತ್ತಬೇಡ ಎಂದರೆ ನೀನು ಯಾವಾಗ ತಾನೇ ಕೇಳಿದ್ದೀ?

ಇಲ್ಲಿ ಸೆಖೆ ಇನ್ನೂ ಇಳಿದಿಲ್ಲ. ಪತ್ರಿಕೆಯ ಕಚೇರಿಯಲ್ಲಿ ನನಗೆ 'ಬಿಸಿಲಮ್ಮ' ಎಂದೇ ಹೆಸರು. ಹದಿನೆಂಟು ವರ್ಷ ಹವಾಮಾನದ ಸುದ್ದಿ ಬರೆದದ್ದಕ್ಕೆ ಸಿಕ್ಕ ಬಿರುದು ಅದೊಂದೇ. ಮೂರು ಬೇಸಿಗೆಯಿಂದ ಒಂದೇ ವಿಷಯದ ಬೆನ್ನು ಹತ್ತಿದ್ದೇನೆ: ಸೆಖೆಗೆ ಸತ್ತವರನ್ನೂ ಆಸ್ಪತ್ರೆಗಳು ಹೃದಯಾಘಾತವೆಂದು ಬರೆದು ಕೈತೊಳೆದುಕೊಳ್ಳುತ್ತವೆ. ನಾನು ಆ ಮನೆಗಳಿಗೆಲ್ಲ ಹೋಗಿ, ವಿಚಾರಿಸಿ, ಪಟ್ಟಿ ಮಾಡುತ್ತೇನೆ. "ಎಷ್ಟಾಯ್ತು?" ಎಂದು ಸಂಪಾದಕರು ನಿನ್ನೆ ಕೇಳಿದರು. "ಮೂವತ್ತೊಂದು" ಅಂದೆ. ಅದರಲ್ಲಿ ಅಪ್ಪನನ್ನು ಸೇರಿಸಿರಲಿಲ್ಲ.

ಅಪ್ಪನಿಗೆ ಹೃದಯದ ಕಾಯಿಲೆಯೇ ಇರಲಿಲ್ಲವಲ್ಲ ಎಂದು ಕೇಳಿದ್ದೀ. ಇರಲಿಲ್ಲ. ಮೇಲ್ಮಹಡಿಯ ಕೋಣೆ, ಕಾದ ತಾರಸಿ, ಮಧ್ಯಾಹ್ನವೇ ಹೋದ ಕರೆಂಟು. ನಾನು ಬಂದಾಗ ಮೈ ಸುಡುತ್ತಿತ್ತು, ಉಸಿರು ನಿಂತಿತ್ತು. ಆಸ್ಪತ್ರೆಯ ಡಾಕ್ಟರು, ನನ್ನ ವರದಿಯಲ್ಲಿ ಬೈಸಿಕೊಂಡವರೇ, ಪೆನ್ನು ಹಿಡಿದು, "ಸೆಖೆ ಅಂತ ಬರೀಲಾ ಮೇಡಂ? ಪೋಸ್ಟ್‌ಮಾರ್ಟಂ ಆಗ್ಬೇಕು, ಮನೇಲಿ ಏನಾಯ್ತು ಅಂತ ವಿಚಾರಣೆ ಮಾಡ್ತಾರೆ" ಅಂದರು. "ಬೇಡ, ಹೃದಯಾಘಾತ ಅಂತ್ಲೇ ಬರೀರಿ" ಅಂದೆ. ಅವರು ನನ್ನ ಮುಖವನ್ನೊಮ್ಮೆ ನೋಡಿ ಬರೆದುಕೊಟ್ಟರು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಲ್ಲಿ ಬಿತ್ತಂತೆ. ನನಗೆ ನನ್ನ ಮೇಲೇ ಹೇಸಿಗೆಯಾಗಿದೆ.

ಅಪ್ಪನ ಮೈಗೆ ಕತ್ತರಿ ಹಾಕಿಸಲು ಮನಸ್ಸು ಬರಲಿಲ್ಲ ಎಂದು ಎಲ್ಲರಿಗೂ ಹೇಳಿದ್ದೇನೆ. ಪಾಪ, ಎಲ್ಲರೂ ನಂಬಿದರು.

ಹೊತ್ತುಹೊತ್ತಿಗೆ ಮಾತ್ರೆ ತೆಗೆದುಕೋ. ಮಕ್ಕಳ ಹೊಟ್ಟೆ ತಣ್ಣಗಿರಲಿ.

ನಿನ್ನ
ಅಕ್ಕ

ತಾ.ಕ.: ಲಕೋಟೆ ಅಂಟಿಸಲು ಕೈ ಬರಲಿಲ್ಲ. ಅವತ್ತು ಎರಡು ಗಂಟೆಗೆ ಅಪ್ಪ ಫೋನ್ ಮಾಡಿದ್ದ. "ಫ್ಯಾನ್ ನಿಂತೋಗಿದೆ ಮಗಾ, ಒಂಥರಾ ಆಗ್ತಿದೆ, ಬರ್ತೀಯಾ?" ಅಂದ. ನಾನಾಗ ಗಂಡನನ್ನು ಸೆಖೆಗೆ ಕಳೆದುಕೊಂಡ ಒಬ್ಬ ಹೆಂಗಸಿನ ಎದುರು ಕೂತಿದ್ದೆ. "ಕಿಟಕಿ ತೆಗೆದು ಮಲಗಪ್ಪಾ, ಕೆಲಸದಲ್ಲಿದ್ದೀನಿ" ಎಂದು ಫೋನ್ ಇಟ್ಟೆ. ಇಟ್ಟು, ಪ್ರತಿ ಮನೆಯಲ್ಲೂ ಕೇಳುವ ಪ್ರಶ್ನೆಯನ್ನೇ ಆಕೆಗೂ ಕೇಳಿದೆ: "ಹೋಗೋಕೆ ಮುಂಚೆ ಅವರು ಯಾರನ್ನಾದ್ರೂ ಕರೆದಿದ್ರಾ?" ಸೆಖೆ ಎಂದು ಬರೆಸಿದ್ದರೆ ಆ ಪ್ರಶ್ನೆ ನಮ್ಮ ಮನೆಗೂ ಬರುತ್ತಿತ್ತು.