ಮೂರನೇ ವರ್ಷದ ಬ್ರೆಡ್ಡಿನ ಗೊಂಬೆ

ಲಾ ಪಾಸ್,
ಸತ್ತವರ ಹಬ್ಬದ ಸಂಜೆ

ಪ್ರೀತಿಯ ಅತ್ತೆಯವರಿಗೆ,

ಕ್ಷೇಮವಾಗಿ ತಲುಪಿದೆ. ಬಸ್ ನಿಲ್ದಾಣದ ಹಿಂದೆ ಅಗ್ಗದ ಕೋಣೆ ಸಿಕ್ಕಿದೆ, ಜೊತೆಗೆ ಬೇರೆ ಊರಿನ ಹೆಂಗಸರಿದ್ದಾರೆ. ಈ ಎತ್ತರಕ್ಕೆ ತಲೆ ಸಿಡಿಯುತ್ತದೆ. ಕೋಕಾ ಎಲೆಯ ಕಷಾಯ ಕುಡಿದುಕೊಂಡು ಓಡಾಡುತ್ತಿದ್ದೇನೆ. ಊಟಕ್ಕೆ ಸೂಪು ಸಾಕಾಗುತ್ತದೆ.

ನೀವು ಬೇಯಿಸಿ ಕೊಟ್ಟ ಬ್ರೆಡ್ಡಿನ ಗೊಂಬೆಗಳು ದಾರಿಯಲ್ಲಿ ಮುರಿಯಲಿಲ್ಲ. ಫೆರ್ಮಿನ್‌ನ ಶವಪೆಟ್ಟಿಗೆ ಇಟ್ಟ ಗೂಡು ಸ್ಮಶಾನದ ಗೋಡೆಯಲ್ಲಿ ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿದೆಯಲ್ಲ, ಏಣಿಯ ಬಾಡಿಗೆ ಉಳಿಯಲೆಂದು ಕೆಳಗೇ ನಿಂತು ನೋಡಿದೆ. ಗೂಡಿನ ಮುಂದಿನ ಗಾಜು ಮಾಸಿದೆ. ನನಗೆ ಅಳು ಬರಲಿಲ್ಲ.

ಪ್ರಾರ್ಥನೆ ಹೇಳುವ ಮುದುಕನೊಬ್ಬ ಬಂದ. ಪ್ರಾರ್ಥನೆಯ ಕೂಲಿಯೆಂದು ಗೊಂಬೆಗಳನ್ನು ಅವನ ಚೀಲಕ್ಕೆ ಹಾಕಿದೆ.

“ಗಂಡ ಹೋಗಿ ಎಷ್ಟನೇ ವರ್ಷ ಮಗಳೇ?” ಅಂದ.

“ಮೂರನೇದು.”

“ಸತ್ತೋರು ಮನೆಯೋರನ್ನ ನೋಡೋಕೆ ಬರೋದು ಮೂರೇ ವರ್ಷ. ಹಾಗಾದ್ರೆ ಇವತ್ತೇ ಬೀಳ್ಕೊಟ್ಟುಬಿಡೋಣ. ಇನ್ಮೇಲೆ ಅವ್ನು ಹಬ್ಬಕ್ಕೆ ಬರಲ್ಲ, ನಿಂಗೂ ಬ್ರೆಡ್ಡು ಹೊರೋದು ತಪ್ತು. ಬೇಗ ಹೆಸರು ಹೇಳು. ಇನ್ನೂ ಬೇಕಾದಷ್ಟು ಸತ್ತೋರು ನಂಗೋಸ್ಕರ ಕಾಯ್ತಾ ಇದಾರೆ.”

ನನ್ನ ಮೊಣಕಾಲಿನ ಹತ್ತಿರದ ಗೂಡಿನಲ್ಲಿ ಒಂದು ಹೂವೂ ಇರಲಿಲ್ಲ. ಅದರ ಮೇಲೆ ಕೆತ್ತಿದ್ದ ಹೆಸರನ್ನು ಓದಿ ಹೇಳಿದೆ.

“ನಿಕಾನೋರ್ ಕಿಸ್ಪೆ.”

ಮುದುಕ ಕಣ್ಣು ಮುಚ್ಚಿಕೊಂಡು, ಆ ನಿಕಾನೋರನ ಹೆಸರಿನಲ್ಲೇ ಪ್ರಾರ್ಥನೆ ಪೂರ್ತಿ ಮಾಡಿದ. ನಾನು ಶಿಲುಬೆಯ ಗುರುತು ಹಾಕಿಕೊಂಡೆ. ಆಮೇಲೆ ಅವನು ಮುಂದಿನ ಗೋಡೆಗೆ ಹೋದ.

ಈ ಕಾಗದವನ್ನು ಇವತ್ತು ರಾತ್ರಿಯ ಬಸ್ಸಿನ ಚಾಲಕನ ಕೈಲಿ ಕಳಿಸುತ್ತಿದ್ದೇನೆ; ನಾನು ನಾಳೆ ಬೆಳಗಿನ ಬಸ್ಸಿಗೆ ಹೊರಡುತ್ತೇನೆ. ಕೋಳಿಗಳಿಗೆ ಕಾಳು ಬಾಗಿಲ ಹಿಂದಿನ ಡಬ್ಬದಲ್ಲಿದೆ. ನಿಮ್ಮ ಮಗನನ್ನು ನಾನು ಇನ್ನೂ ಕಳಿಸಿಕೊಟ್ಟಿಲ್ಲ. ಮುಂದಿನ ಹಬ್ಬಕ್ಕೂ ಹಿಟ್ಟು ಎತ್ತಿಡಿ.

ನಿಮ್ಮ ಸೊಸೆ,
ಬಾಸಿಲಿಯಾ