ಕಿಟಕಿ ಪಕ್ಕದ ಸೀಟು

ಸಂಧ್ಯಾ,

ಹೇಳದೆ ಕೇಳದೆ ಹೊನ್ನಾಳಿಗೆ ವರ್ಗ ಮಾಡಿಸಿಕೊಂಡು ಹೋದವಳಿಗೆ ಏನಂತ ಬರೆಯಲಿ? ಆದರೆ ಬೆಳಿಗ್ಗೆಯಿಂದ ಕೂತಲ್ಲಿ ಕೂರಲಾಗುತ್ತಿಲ್ಲ.

ರಜೆ ಮುಗಿಸಿ ಇವತ್ತು ಬಿಳಿಚೋಡಿನಲ್ಲಿ ಎಂದಿನ ದಾವಣಗೆರೆ ಬಸ್ಸು ಹತ್ತಿದೆ. ನಮ್ಮ ಸೀಟಿನಲ್ಲಿ, ಕಿಟಕಿ ಪಕ್ಕ, ಒಂದು ಬ್ಯಾಗಿತ್ತು. ನೀನೂ ಜಗಳೂರಿನಲ್ಲಿ ಹತ್ತಿ ನನಗಾಗಿ ಹಾಗೇ ಇಡುತ್ತಿದ್ದೆ. ಒಂದೇ ಒಂದು ದಿನ ನೀನು ಆ ಸೀಟನ್ನು ಬಸುರಿಯೊಬ್ಬಳಿಗೆ ಬಿಟ್ಟುಕೊಟ್ಟೆ, ಅವತ್ತಿಗೆ ನಮ್ಮ ಮಾತು ನಿಂತಿತು.

ಬ್ಯಾಗನ್ನು ಪಕ್ಕದ ಹುಡುಗಿಯ ತೊಡೆಯ ಮೇಲಿಟ್ಟು ಕೂತುಬಿಟ್ಟೆ.

"ಅಕ್ಕಾ, ನಮ್ ಫ್ರೆಂಡಿಗೆ ಹಿಡಿದೀನ್ರೀ. ಮುಂದಿನ ಸ್ಟಾಪಲ್ಲಿ ಹತ್ತಾಳೆ."

"ದಿನಾ ನಾನು ಕೂರೋ ಸೀಟಿದು."

"ಹೌದಾ? ನಿಮಗ್ಯಾರು ಹಿಡೀತಿದ್ರು?"

ಎದ್ದೆ. ಕಂಬಿ ಹಿಡಿದು ನಿಂತು ನೋಡಿದೆ. ಸೀಟು ಕೇಳಿದವರಿಗೆಲ್ಲ "ಬರ್ತಾರೆ ರೀ" ಎನ್ನುತ್ತಾ ಆ ಹುಡುಗಿ ಬೈಸಿಕೊಳ್ಳುತ್ತಿದ್ದಳು. ಗೆಳತಿ ಹತ್ತಿದಳು. ಇವಳ ಮೊಣಕಾಲು ದಾಟಿ ಒಳಗೆ ಕೂತು, ಇಯರ್‌ಫೋನ್ ಹಾಕಿಕೊಂಡು, ಮುಖವನ್ನು ಗಾಳಿಗೆ ಕೊಟ್ಟಳು. ಇವಳ ಕಡೆ ತಿರುಗಲೂ ಇಲ್ಲ.

ಸಂಧ್ಯಾ, ಅಷ್ಟು ವರ್ಷಗಳಲ್ಲಿ ನೀನು ಒಂದು ದಿನವಾದರೂ ಕಿಟಕಿ ಪಕ್ಕ ಕೂತಿದ್ದೆಯಾ? ದಾವಣಗೆರೆ ಬರುವವರೆಗೂ ನೆನಪಿಸಿಕೊಳ್ಳಲು ನೋಡಿದೆ. ಅಂಥ ಒಂದು ದಿನವೂ ನೆನಪಿಗೆ ಬರಲಿಲ್ಲ.