ಎರಡನೇ ಪಂಪಿನ ಹದಿನಾರು ಗಂಟೆ

ಮಾರ್ಚ್ 3, ಸೋಮವಾರ. ಬೆಳಿಗ್ಗೆ 11.30

ಎರಡನೇ ಪಂಪಿನ ಗ್ಲ್ಯಾಂಡ್ ಮತ್ತೆ ಸೋರುತ್ತಿತ್ತು. ಆಪರೇಟರ್ ಪಂಪಣ್ಣ ಬಿಗಿ ಮಾಡಿದರು. ನೀರು ಸರಬರಾಜು ಆಫೀಸಿಗೆ ಬಂದರೆ ಮೇಜಿನ ಮೇಲೆ ಸರ್ಕಾರದ ಹವಾಮಾನ ನಿಧಿಯ ಪತ್ರ. ತಿರಸ್ಕಾರವಲ್ಲ. ಮಂಜೂರಾತಿಯೂ ಅಲ್ಲ. ಪುರಾವೆ ಬೇಕಂತೆ.

ನಮ್ಮ ಯೋಜನೆ ನಾಲ್ಕೇ ಸಾಲಿನದು. ಗುಡ್ಡದ ಮೇಲಿನ ಬಡಾವಣೆಯ ಮಳೆನೀರು ಚರಂಡಿ ಹಿಡಿದು ನದಿಗೆ ಇಳಿಯುತ್ತದೆ. ಅದೇ ನೀರನ್ನು ನದಿಯಿಂದ ಕರೆಂಟು ಸುಟ್ಟು ಮತ್ತೆ ಗುಡ್ಡಕ್ಕೆ ಎತ್ತುತ್ತೇವೆ — ಪಾರ್ಕಿಗೆ, ಲಾಂಡ್ರಿಗಳಿಗೆ, ಮಾರುಕಟ್ಟೆ ತೊಳೆಯಲು. ಎರಡನೇ ಪಂಪಿಗೆ ಇದೊಂದೇ ಕೆಲಸ. ಮಳೆಯನ್ನು ಮೇಲೆಯೇ, ಹಳೆಯ ಕಲ್ಲುಕ್ವಾರಿಯಲ್ಲಿ ಹಿಡಿದರೆ ವರ್ಷಕ್ಕೆ ನೂರೈವತ್ತು ದಿನ ಆ ಪಂಪಿಗೆ ರಜೆ.

ನಿಧಿಯ ಷರತ್ತು: ವರ್ಷಕ್ಕೆ ಕನಿಷ್ಠ 150 ಟನ್ ಇಂಗಾಲ ಕಡಿಮೆಯಾಗಬೇಕು. ನಮ್ಮದು 184. ಪಂಪು ದಿನಕ್ಕೆ ಹದಿನಾರು ಗಂಟೆ ಓಡುತ್ತದೆಂಬ ಲೆಕ್ಕ. ಲಾಗ್‌ಬುಕ್ ಸಾಲದು, ಮೀಟರ್ ರೀಡಿಂಗ್ ಕೊಡಿ ಎಂದಿದ್ದಾರೆ. 24ರ ಸಂಜೆ ಐದಕ್ಕೆ ಗಡುವು.

ಹಣ ಸಿಗದಿದ್ದರೆ ಕ್ವಾರಿ ಕಸದ ಪಾಲು. ಪುರಸಭೆ ಆಗಲೇ ತೀರ್ಮಾನಿಸಿದೆ. ಯೋಜನೆಗಾಗಿ ಮೂರು ವರ್ಷ ಓಡಾಡಿದ್ದು ಮಾತ್ರ ಎಂಜಿನಿಯರ್ ಆದ ನಾನೊಬ್ಬಳೇ.

ಮಾರ್ಚ್ 18, ಮಂಗಳವಾರ

ಹದಿನಾಲ್ಕು ದಿನ ನಾನೇ ಹೋಗಿ ರೀಡಿಂಗ್ ತೆಗೆದೆ. ಸರಾಸರಿ 880 ಯೂನಿಟ್. ಮೋಟಾರು 110 ಕಿಲೋವ್ಯಾಟಿನದು. ಭಾಗಿಸಿದರೆ ಎಂಟು ಗಂಟೆ. ಮೂರು ಸಲ ಭಾಗಿಸಿದೆ, ಎಂಟೇ.

ಹಾಗಾದರೆ 184 ಅಲ್ಲ, 92 ಟನ್. ಮುಗಿಯಿತು.

ಮಾರ್ಚ್ 19, ಬುಧವಾರ

ಪಂಪಣ್ಣನನ್ನು ಕೇಳಿಯೇಬಿಟ್ಟೆ. ಬೆಳಿಗ್ಗೆ ಐದಕ್ಕೆ ಹಾಕಿ ರಾತ್ರಿ ಒಂಬತ್ತಕ್ಕೆ ನಿಲ್ಲಿಸುವುದಾಗಿ ಹೇಳಿದರು. ಅವರ ಕ್ವಾರ್ಟರ್ಸ್ ಪಂಪ್‌ಹೌಸಿನ ಗೋಡೆಗೇ ಅಂಟಿಕೊಂಡಿದೆ, ಸದ್ದು ನಿಂತರೆ ಎಚ್ಚರವಾಗುತ್ತದಂತೆ.

ಮೀಟರ್ ಸುಳ್ಳು ಹೇಳುತ್ತದೆಯೇ ಎಂದೆ.

"ಹಾಗಾದ್ರೆ ನಾನು ಹೇಳ್ತಿದೀನಾ, ಮೇಡಂ?"

ಲಾಗ್‌ಬುಕ್ ಮುಚ್ಚಿದೆ. ಪಂಪು ಓಡಿದ ಗಂಟೆಯ ಮೇಲೆ ಅವರಿಗೆ ಓವರ್‌ಟೈಮ್ ಇದೆ. ಮನಸ್ಸು ಅಲ್ಲಿಗೇ ಹೋಯಿತು.

ಮಾರ್ಚ್ 21, ಶುಕ್ರವಾರ. ಸಂಜೆ 6

ಹದಿನಾರೇ ಇರಲಿ ಬಿಡಮ್ಮ, ಅವರೇನು ಬಂದು ಎಣಿಸ್ತಾರಾ ಎಂದರು ದೊಡ್ಡ ಸಾಹೇಬರು. ಆಗುವುದಿಲ್ಲ ಎಂದೆ. 92 ಎಂದೇ ಕಳಿಸಿದೆ. ಷರಾ ಕಾಲಮ್ಮಿನಲ್ಲಿ — "ಲಾಗ್‌ಬುಕ್ಕಿನ ಗಂಟೆಗಳು ವಿಶ್ವಾಸಾರ್ಹವಲ್ಲ."

ನಿಯಮದಂತೆ ಒಂದು ಪ್ರತಿ ಪಂಪ್‌ಹೌಸಿಗೂ ಹೋಯಿತು. ಅರ್ಧ ಗಂಟೆಯಲ್ಲಿ ಪಂಪಣ್ಣ ಹಾಜರು. ಲಾಗ್‌ಬುಕ್ ನನ್ನ ಮೇಜಿನ ಮೇಲಿಟ್ಟು, ಇನ್ನು ಮೇಲೆ ನೀವೇ ಬರೆದುಕೊಳ್ಳಿ ಎಂದು ಹೊರಟೇಬಿಟ್ಟರು. ಹತ್ತೊಂಬತ್ತು ವರ್ಷದ ಸರ್ವಿಸ್. ಒಂದು ಮೆಮೊ ಇಲ್ಲ.

ಮಾರ್ಚ್ 23, ಭಾನುವಾರ. ಮಧ್ಯಾಹ್ನ 12

ಅಕ್ಕ ಹೊಲಿಗೆ ಮಿಷನ್ ನಿಲ್ಲಿಸಿ, ಮೂರು ದಿನದಿಂದ ಯಾಕೆ ಮುಖ ಊದಿಸಿಕೊಂಡಿದ್ದೀಯ ಎಂದಳು. ಎಲ್ಲ ಹೇಳಿದೆ. ಅವಳಿಗೆ ಯೂನಿಟ್ಟೂ ಗೊತ್ತಿಲ್ಲ, ಟನ್ನೂ ಗೊತ್ತಿಲ್ಲ.

"ರವಿಕೆ ಬಿಗಿ ಅಂತ ಯಾರಾದ್ರೂ ಬಂದ್ರೆ, ಟೇಪ್ ತೋರಿಸಿ ಜಗಳ ಆಡ್ತೀನೇನೇ? ಮೊದಲು ಟೇಪನ್ನೇ ನೋಡ್ತೀನಿ. ಹೋದ ವರ್ಷ ನೋಡಿದ್ರೆ ತುದೀಲಿ ಒಂದಿಂಚು ಕತ್ತರಿಸಿಹೋಗಿತ್ತು. ಹತ್ತು ರವಿಕೆ ಹಾಳು. ನೀನು ನಿನ್ನ ಮೀಟರ್ ನೋಡಿದ್ಯಾ?"

ದಿನಾ ನೋಡುತ್ತೇನೆ ಎಂದೆ. ಅಂಕಿ ನೋಡ್ತೀಯ, ಮೀಟರ್ ಎಲ್ಲಿ ನೋಡ್ತೀಯ ಎಂದು ಮತ್ತೆ ಮಿಷನ್ ತುಳಿಯತೊಡಗಿದಳು.

ಅದೇ ದಿನ. ಸಂಜೆ 4.15

ಪಂಪ್‌ಹೌಸಿನಲ್ಲೇ ಕೂತು ಬರೆಯುತ್ತಿದ್ದೇನೆ. ಉಗುರಲ್ಲೆಲ್ಲ ಪೇಂಟ್. ಇರಲಿ.

ಮೀಟರ್ ಪೆಟ್ಟಿಗೆಗೆ ಹಸಿರು ಪೇಂಟ್. ಗಾಜಿನ ಕೆಳಗೆ ಬೆರಳಗಲದ ಉಬ್ಬು. ಸ್ಕೂಟರ್ ಕೀಲಿಯಿಂದ ಕೆರೆದೆ. ತಗಡಿನ ಪಟ್ಟಿ. ಇನ್ನೂ ಕೆರೆದೆ.

"ರೀಡಿಂಗನ್ನು 2ರಿಂದ ಗುಣಿಸುವುದು."

ಎರಡರಿಂದ. 1760 ಯೂನಿಟ್. ಹದಿನಾರು ಗಂಟೆ. 184 ಟನ್. ಪಂಪಣ್ಣ ಒಂದು ನಿಮಿಷವೂ ಹೆಚ್ಚು ಬರೆದಿರಲಿಲ್ಲ.

ಕ್ವಾರ್ಟರ್ಸಿಗೆ ಓಡಿದೆ. ಬಂದರು. ಕನ್ನಡಕ ಹಾಕಿ ಓದಿದರು, ತೆಗೆದು ಒರೆಸಿ ಮತ್ತೆ ಓದಿದರು. ತಮಗೂ ಈ ಪಟ್ಟಿಯ ವಿಷಯ ಗೊತ್ತಿರಲಿಲ್ಲವಂತೆ, ಕರೆಂಟು ಬೋರ್ಡಿನವರು ಮೀಟರ್ ಬದಲಿಸಿದ ವಾರವೇ ಪೇಂಟ್ ಆಗಿಹೋಯಿತಂತೆ. ಹೊಡೆದವನು ಯಾವ ಪುಣ್ಯಾತ್ಮ ಎಂದು ಕೇಳಿದೆ.

"ನೀವೇ ಹೊಡೆಸಿದ್ದು, ಮೇಡಂ. ಆರು ವರ್ಷ ಆಯ್ತು. ಮಂತ್ರಿಗಳು ಬರ್ತಾರೆ, ಎಲ್ಲಾ ಹಸಿರಾಗಿರ್ಬೇಕು ಅಂತ. ನನ್ನ ಸ್ಟೂಲನ್ನೂ ಬಿಡಲಿಲ್ಲ."

"ತಪ್ಪಾಯ್ತು, ಪಂಪಣ್ಣ. ಬರೆದಿದ್ದನ್ನ ಬರೆದೇ ತಿದ್ತೀನಿ."

ಪಂಪಣ್ಣ ಸ್ಟೂಲು ನನ್ನ ಕಡೆ ತಳ್ಳಿದರು.

ಮಾರ್ಚ್ 24, ಸೋಮವಾರ. ಸಂಜೆ 4.52

ಕಳಿಸಿದೆ. ಫೋಟೋ, ಹೊಸ ಲೆಕ್ಕ. ಷರಾ: "ಲಾಗ್‌ಬುಕ್ಕಿನ ಗಂಟೆಗಳು ಸರಿಯಾಗಿವೆ. ತಪ್ಪು ಸಹಿ ಮಾಡಿದವರದು." ಸಹಿ ಮಾಡಿದೆ. ಎಂಟು ನಿಮಿಷ ಬಾಕಿ ಇತ್ತು.

ಮಾರ್ಚ್ 28, ಶುಕ್ರವಾರ. ಮಧ್ಯಾಹ್ನ

ನಿಧಿಯ ಪರಿಶೀಲಕಿ ಖುದ್ದಾಗಿ ಬಂದರು. ನಗು ಕಡಿಮೆ. ಶುಕ್ರವಾರ 92, ಸೋಮವಾರ 184, ನಡುವೆ ಒಂದು ವೀಕೆಂಡ್ ಮಾತ್ರ ಇತ್ತಲ್ಲವೇ ಎಂದರು. ತಗಡು ತೋರಿಸಿದೆ. ತಗಡನ್ನು ಯಾರು ಬೇಕಾದರೂ ಅಂಟಿಸಬಹುದಲ್ಲ ಎಂದರು. ಸರಿಯಾದ ಮಾತೇ. ನಾನಾಗಿದ್ದರೂ ಅದನ್ನೇ ಹೇಳುತ್ತಿದ್ದೆ.

ತಮ್ಮದೇ ಮೀಟರ್ ತಂದಿದ್ದರು, ಕೇಬಲ್ಲಿಗೆ ಇಕ್ಕಳದ ಹಾಗೆ ಕಚ್ಚಿಸುವಂಥದ್ದು. ಪಂಪಣ್ಣ ಸ್ವಿಚ್ ಹಾಕಿದರು. ಒಂದು ಗಂಟೆ ಯಾರೂ ಕೂರಲಿಲ್ಲ. ದೊಡ್ಡ ಸಾಹೇಬರು ಮಾತ್ರ ಮೂರು ಸಲ ಹೊರಗೆ ಹೋಗಿ ಬಂದರು.

ನಮ್ಮ ಮೀಟರ್ 55. ಅವರದು 110.

ಆಮೇಲೆ ಲಾಗ್‌ಬುಕ್ಕುಗಳನ್ನು ಕೇಳಿದರು. ಹತ್ತೊಂಬತ್ತು ಪುಸ್ತಕ. ಪಂಪಣ್ಣ ಒಂದೊಂದಾಗಿ ಧೂಳು ಹೊಡೆದು ಕೊಟ್ಟರು. ಪರಿಶೀಲಕಿ ಬಹಳ ಹೊತ್ತು ಪುಟ ತಿರುವಿದರು. ಹೊರಡುವಾಗ ಕೈ ಕುಲುಕಿದ್ದು ಸಾಹೇಬರದ್ದಲ್ಲ, ಪಂಪಣ್ಣನದು. ಅವರ ಕೈಯಲ್ಲಿ ಗ್ರೀಸ್ ಇತ್ತು. ಇಬ್ಬರೂ ಒರೆಸಿಕೊಳ್ಳಲಿಲ್ಲ.

ಮೇ 6, ಮಂಗಳವಾರ. ಬೆಳಿಗ್ಗೆ 10.05

ಮಂಜೂರು. ಪೂರ್ತಿ ಮಂಜೂರು. ಕ್ವಾರಿ, ಕಾಲುವೆ, ನೀರು ಸೋಸುವ ಮರಳಿನ ಹಾಸು, ಎಲ್ಲಕ್ಕೂ.

ಆದೇಶವನ್ನು ಪಂಪ್‌ಹೌಸಿನಲ್ಲಿ ಗಟ್ಟಿಯಾಗಿ ಓದಿದೆ. ಪಂಪಿನ ಸದ್ದಿಗೆ ಕೇಳಿಸಲಿಲ್ಲ. ಪಂಪಣ್ಣ ಕಿವಿಗೆ ಕೈ ಹಿಡಿದು ಮತ್ತೆ ಓದಿಸಿದರು. ಮೂರನೇ ಸಲ ಓದುವಾಗ ಗೊತ್ತಾಯಿತು — ಮೊದಲನೇ ಸಲವೇ ಕೇಳಿಸಿತ್ತು.

ಕಸದ ಲಾರಿಗಳಿಗೆಂದು ಕ್ವಾರಿಗೆ ಹಾಕಿದ್ದ ಬೋರ್ಡನ್ನು ಪುರಸಭೆಯವರೇ ಕಿತ್ತರು. ಅಕ್ಕ ಹೊಸ ರವಿಕೆ ಹೊಲಿದುಕೊಟ್ಟಳು. ಬಿಗಿ. ಹೇಳಲಿಲ್ಲ.

ಜೂನ್ 12, ಶುಕ್ರವಾರ. ಹೊಸ ವರ್ಷದ ಡೈರಿ. ಮಧ್ಯಾಹ್ನ 3.40

ನಾಲ್ಕು ದಿನದಿಂದ ಜೋರು ಮಳೆ. ಚರಂಡಿ ನೀರು ನದಿಗೆ ಇಳಿಯುತ್ತಿಲ್ಲ, ಕ್ವಾರಿಗೆ ತಿರುಗಿದೆ. ಬೆಳಿಗ್ಗೆ ಆರಕ್ಕೆ ಕ್ವಾರಿಯ ಗೇಟ್ ತೆರೆದೆವು. ಮಾರುಕಟ್ಟೆಯ ನಲ್ಲಿಯಲ್ಲಿ ತಾನೇ ತಾನಾಗಿ ಇಳಿದ ನೀರು. ಲಾಂಡ್ರಿಯವನು ಫೋನ್ ಮಾಡಿ, ಪ್ರೆಶರ್ ಜಾಸ್ತಿ ಆಯ್ತು ಎಂದು ದೂರಿದ. ಇಂಥ ದೂರು ದಿನಾ ಬರಲಿ.

ಈಗ ಪಂಪಣ್ಣನ ಫೋನ್. ದನಿ ತಗ್ಗಿಸಿ, ಯಾರೋ ಮಲಗಿದ್ದಾರೇನೋ ಎಂಬಂತೆ.

"ಮೇಡಂ, ಎರಡನೇ ಪಂಪಿಗೆ ಇವತ್ತು ಸೊನ್ನೆ ಗಂಟೆ ಬರೆದಿದೀನಿ. ಕಾರಣ ಅಂತ ಒಂದು ಕಾಲಮ್ ಇದೆಯಲ್ಲ. ರಿಪೇರಿ ಅಲ್ಲ, ಕರೆಂಟೂ ಹೋಗಿಲ್ಲ. 'ಅಗತ್ಯ ಬೀಳಲಿಲ್ಲ' ಅಂತ ಹಾಕಿದೀನಿ. ನಡಿಯುತ್ತಾ?"

ನಡೆಯುತ್ತದೆ ಎಂದೆ. ಹತ್ತೊಂಬತ್ತಲ್ಲ, ಈಗ ಇಪ್ಪತ್ತು ವರ್ಷ. ಆ ಕಾಲಮ್ಮಿನಲ್ಲಿ ಈ ಮಾತು ಇದೇ ಮೊದಲು. ಷರಾಕ್ಕೆ ಸಹಿ ಬೇಕಂತೆ, ಬನ್ನಿ ಎಂದರು. ಹೊರಟೆ. ದಾರಿಯಲ್ಲೇ ಕ್ವಾರಿ. ಮಟ್ಟ ನೋಡಿಕೊಂಡು ಹೋಗಬೇಕು. ಎರಡಕ್ಕೆ ನೋಡಿದಾಗ ನಾಲ್ಕು ಮೀಟರ್ ಇತ್ತು, ಈಗ ಹೇಗೂ ಐದು ದಾಟಿರಬೇಕು. ಉಳಿದದ್ದು ಬಂದು ಬರೆಯುತ್ತೇನೆ.